ಎದುರಾಳಿಯ ತಪ್ಪು, ನಮ್ಮ ರಕ್ತದೊತ್ತಡ

ಐವತ್ತೆರಡು ವರ್ಷದ ಆ ಗೃಹಸ್ಥರು ಹತ್ತು ವರ್ಷಗಳಿಂದ ರಕ್ತದೊತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿರುವವರು. ಶಿಸ್ತಿನ ಮನುಷ್ಯ. ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದು ತೋರಿಸಿಕೊಂಡು ಹೋಗುತ್ತಾರೆ. ಪ್ರತಿ ಸಲವೂ 130/80ರ ಆಸುಪಾಸಿನಲ್ಲಿರುತ್ತಿದ್ದ ರಕ್ತದೊತ್ತಡ ಈ ಬಾರಿ 168/104 ಇತ್ತು. ಐದು ನಿಮಿಷ ಕೂರಿಸಿ ಮತ್ತೆ ಅಳೆದೆ. ಹೆಚ್ಚೇನೂ ಇಳಿಯಲಿಲ್ಲ. ಗುಳಿಗೆ ಬಿಟ್ಟಿದ್ದೀರಾ, ಉಪ್ಪಿನಕಾಯಿ ಜಾಸ್ತಿಯಾಯಿತೇ ಎಂದು ಕೇಳುತ್ತಿದ್ದಂತೆ ಜೊತೆಗೆ ಬಂದಿದ್ದ ಅವರ ಪತ್ನಿ ಹೇಳಿದರು: “ಉಪ್ಪು ನಾನೇ ಅಳೆದು ಹಾಕ್ತೀನಿ ಡಾಕ್ಟ್ರೇ. ಇದಕ್ಕೆ ಕಾರಣ ಉಪ್ಪಲ್ಲ, ಫುಟ್‌ಬಾಲು.”

ವಿಷಯ ಇಷ್ಟು. ಮಗನ ಜೊತೆ ಕೂತು ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಗಳನ್ನು ನೋಡುವ ಅಭ್ಯಾಸ ಅವರಿಗೆ ಹತ್ತಿ ಕೆಲವು ವರ್ಷಗಳಾಗಿವೆ. ಒಂದು ತಂಡವನ್ನು ತಮ್ಮದೆಂದು ಒಪ್ಪಿಕೊಂಡಿದ್ದಾರೆ. ಆ ತಂಡ ಸೋತದ್ದಕ್ಕೆ ಬಂದ ಸಿಟ್ಟಲ್ಲ ಇದು. ಎದುರಾಳಿ ತಂಡದ ಆಟಗಾರನೊಬ್ಬ ರಾತ್ರಿ ಕುಡಿದು ಗಲಾಟೆ ಮಾಡಿದ್ದ. ಪತ್ರಿಕೆಗಳಲ್ಲಿ ಅದು ಒಳಪುಟದ ಸಣ್ಣ ಸುದ್ದಿಯಾಗಿತ್ತು. “ನಮ್ಮವನು ಇಷ್ಟೇ ಮಾಡಿದ್ದಾಗ ವಾರಗಟ್ಟಲೆ ಬರೆದರು ಡಾಕ್ಟ್ರೇ! ಅವನಿಗೆ ಮಾತ್ರ ಎಲ್ಲಾ ಮಾಫಿ. ಇದು ಯಾವ ನ್ಯಾಯ?” ಎಂದು ನನ್ನೆದುರು ಹೇಳುವಾಗಲೂ ಅವರ ಕುತ್ತಿಗೆಯ ನರ ಉಬ್ಬಿತ್ತು. ಹದಿನೈದು ದಿನಗಳಿಂದ ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಅದೇ ಸುದ್ದಿ, ಅದೇ ವಾದ. ಮಗ ಒಂದು ಮಾತು ಎದುರಾಡಿದ್ದಕ್ಕೆ ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದರು.

ಓದುಗರಿಗೆ ನಗು ಬರಬಹುದು. ಆದರೆ ಇದು ನಗುವ ವಿಷಯವಲ್ಲ. ಇಂಥ ಕೋಪಕ್ಕೂ ಆರೋಗ್ಯಕ್ಕೂ ಇರುವ ಸಂಬಂಧವೇನು ಎಂಬುದನ್ನು ಈ ವಾರ ನೋಡೋಣ.

ಆಟ ನೋಡುವುದರಿಂದ ಹೃದಯಕ್ಕೆ ತೊಂದರೆಯೇ?

2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆಯಿತು. ಮ್ಯೂನಿಕ್ ನಗರದ ಸುತ್ತಮುತ್ತ ಆಗ ಹೃದಯದ ತುರ್ತು ತೊಂದರೆಗೆ ಒಳಗಾದವರ ಲೆಕ್ಕವನ್ನು ವೈದ್ಯರು ಇಟ್ಟರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಜರ್ಮನಿ ತಂಡ ಆಡಿದ ದಿನಗಳಲ್ಲಿ ಇಂಥ ಪ್ರಕರಣಗಳು ಉಳಿದ ದಿನಗಳಿಗಿಂತ 2.66 ಪಟ್ಟು ಇದ್ದವು. ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82 ಪಟ್ಟು. ಪಂದ್ಯ ಆರಂಭವಾದ ಮೊದಲ ಎರಡು ಗಂಟೆಗಳಲ್ಲೇ ತೊಂದರೆ ಹೆಚ್ಚು. ಮೊದಲೇ ಹೃದ್ರೋಗವಿದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಇನ್ನೊಂದು ಉದಾಹರಣೆ. 1998ರ ಜೂನ್ 30ರಂದು ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ತಂಡ ಅರ್ಜೆಂಟೀನಾಗೆ ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಆ ದಿನ ಮತ್ತು ಅದರ ಮುಂದಿನ ಎರಡು ದಿನ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೃದಯಾಘಾತವಾಗಿ ಬಂದವರ ಸಂಖ್ಯೆ ಶೇ. 25ರಷ್ಟು ಏರಿತ್ತು. ಪಂದ್ಯ ಒಂದೇ ದಿನದ್ದು, ಅದರ ಬಿಸಿ ಮೂರು ದಿನದ್ದು ಎಂಬುದನ್ನು ಗಮನಿಸಬೇಕು.

ಎಲ್ಲ ಕಡೆಯೂ ಹೀಗೇ ಆಗುತ್ತದೆಂದಲ್ಲ. ಅದೇ ವರ್ಷ ಜುಲೈ 12ರಂದು ಫ್ರಾನ್ಸ್ ತನ್ನ ನೆಲದಲ್ಲೇ ವಿಶ್ವಕಪ್ ಗೆದ್ದಾಗ ಅಲ್ಲಿನ ಗಂಡಸರಲ್ಲಿ ಹೃದಯಾಘಾತದ ಸಾವುಗಳು ಕಡಿಮೆಯಾಗಿದ್ದವು. ಆರೋಗ್ಯವಂತರು ಇದನ್ನೆಲ್ಲ ಓದಿ ಗಾಬರಿಯಾಗಬೇಕಿಲ್ಲ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರು, ಧೂಮಪಾನಿಗಳು ಎಚ್ಚರದಿಂದಿರಬೇಕು.

ಕೋಪ ಬಂದಾಗ ದೇಹದಲ್ಲಿ ಏನಾಗುತ್ತದೆ?

ಕೋಪ ಬಂದೊಡನೆ ಮೆದುಳು ಅಪಾಯದ ಗಂಟೆ ಬಾರಿಸುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ. ಹಲವು ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಗಾಯವಾದರೆ ಬೇಗ ಹೆಪ್ಪುಗಟ್ಟಲಿ ಎಂದು ರಕ್ತ ತುಸು ಅಂಟಂಟಾಗುತ್ತದೆ. ಹುಲಿ ಎದುರಾದಾಗ ಓಡುವುದಕ್ಕೋ ಹೋರಾಡುವುದಕ್ಕೋ ಇದೆಲ್ಲ ಬೇಕು. ಕುರ್ಚಿಯಲ್ಲಿ ಕೂತು ಸುದ್ದಿ ಓದುವವನಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಹೃದಯದ ರಕ್ತನಾಳದ ಗೋಡೆಯಲ್ಲಿ ಮೊದಲೇ ಕೊಬ್ಬಿನ ಗಂಟು ಇದ್ದರೆ, ಈ ಒತ್ತಡಕ್ಕೆ ಅದು ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಹೃದಯಾಘಾತವಾಗಬಹುದು. ಅಮೆರಿಕದಲ್ಲಿ ಹೃದಯಾಘಾತಕ್ಕೊಳಗಾದ 1,600ಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಕೋಪ ಬಂದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವ ಇಮ್ಮಡಿಗಿಂತ ಹೆಚ್ಚಾಗಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಂದ್ಯಕ್ಕೆ ಕೊನೆಯ ಸೀಟಿ ಇದೆ. ತೊಂಬತ್ತು ನಿಮಿಷ, ಹೆಚ್ಚೆಂದರೆ ಎರಡೂವರೆ ಗಂಟೆ, ಮುಗಿಯಿತು. ಆದರೆ ಆಟಗಾರನ ಖಾಸಗಿ ನಡತೆ, ಪತ್ರಿಕೆಯ ಪಕ್ಷಪಾತ ಇವುಗಳಿಗೆ ಸೀಟಿ ಊದುವವರು ಯಾರೂ ಇಲ್ಲ. ಹಸು ಮೇವನ್ನು ಮೆಲುಕು ಹಾಕಿದಂತೆ ಮನಸ್ಸು ಸಿಟ್ಟನ್ನು ಮೆಲುಕು ಹಾಕುತ್ತದೆ. ಹಸುವಿಗೆ ಅದರಿಂದ ಮೇವು ಜೀರ್ಣವಾಗುತ್ತದೆ. ಮನುಷ್ಯನಿಗೆ ಸಿಟ್ಟು ಜೀರ್ಣವಾಗುವುದಿಲ್ಲ, ಹೊಸದಾಗುತ್ತದೆ. ನೆನೆದಾಗಲೆಲ್ಲ ರಕ್ತದೊತ್ತಡ ಮತ್ತೆ ಏರುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟ ಮರುದಿನ ಸಿಟ್ಟು ಇನ್ನೂ ಸಲೀಸಾಗಿ ಬರುತ್ತದೆ.

ಎಲ್ಲೋ ಇರುವವನ ತಪ್ಪು ನಮಗೇಕೆ ಚುಚ್ಚಬೇಕು?

ತಂಡ ಗೆದ್ದಾಗ ಅಭಿಮಾನಿ “ನಾವು ಗೆದ್ದೆವು” ಎನ್ನುತ್ತಾನೆ. ಸೋತಾಗ “ಅವರು ಸೋತರು” ಎನ್ನುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ವಿದ್ಯಾರ್ಥಿಗಳ ಮಾತಿನಲ್ಲಿ ಇದನ್ನು ಗುರುತಿಸಿ ತೋರಿಸಿದರು. ತಂಡದ ಗೌರವ ನಮ್ಮ ಗೌರವವೇ ಆಗಿಬಿಡುತ್ತದೆ. ದೇಹವೂ ಇದನ್ನು ನಂಬುತ್ತದೆ. 1994ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ಇಟಲಿಯನ್ನು ಸೋಲಿಸಿದಾಗ, ಟಿ.ವಿ.ಯಲ್ಲಿ ನೋಡುತ್ತಿದ್ದ ಬ್ರೆಜಿಲ್ ಅಭಿಮಾನಿಗಳಲ್ಲಿ ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನು ಏರಿತು, ಇಟಲಿಯ ಅಭಿಮಾನಿಗಳಲ್ಲಿ ಇಳಿಯಿತು. ಚೆಂಡನ್ನು ಮುಟ್ಟದವರ ಮೈಯಲ್ಲಿ ಇಷ್ಟೆಲ್ಲ ಆಗುತ್ತದೆ!

ಹೀಗಿರುವಾಗ ಎದುರಾಳಿಯ ತಪ್ಪು ನಮಗೆ ದೊರೆತ ಒಂದು ಗೋಲಿನಂತೆ ಕಾಣುತ್ತದೆ. ಪತ್ರಿಕೆ ಅದನ್ನು ಸಣ್ಣದಾಗಿ ಹಾಕಿದರೆ, ಸರಿಯಾದ ಗೋಲನ್ನು ಅಂಪೈರು ರದ್ದು ಮಾಡಿದಷ್ಟು ಸಿಟ್ಟು ಬರುತ್ತದೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ

ಈ ಗಾದೆ ಕಾಮಾಲೆ ರೋಗಿಗೆ ನಿಜವಾಗಿ ಅನ್ವಯಿಸುವುದಿಲ್ಲ; ಅವರಿಗೂ ಬಣ್ಣಗಳು ಸರಿಯಾಗಿಯೇ ಕಾಣುತ್ತವೆ. ಆದರೆ ಅಭಿಮಾನಿಗೆ ಚೆನ್ನಾಗಿ ಅನ್ವಯಿಸುತ್ತದೆ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ವಿದ್ಯಾಸಂಸ್ಥೆಗಳ ನಡುವೆ ಒಂದು ಒರಟು ಪಂದ್ಯ ನಡೆಯಿತು. ಅದು ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲು. ಪ್ರಿನ್ಸ್‌ಟನ್‌ನ ಪ್ರಮುಖ ಆಟಗಾರನ ಮೂಗೇ ಮುರಿಯಿತು. ನಂತರ ಸಂಶೋಧಕರು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಚಲನಚಿತ್ರವನ್ನು ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್‌ನವರು ಮಾಡಿದ ತಪ್ಪುಗಳು ಪ್ರಿನ್ಸ್‌ಟನ್ ವಿದ್ಯಾರ್ಥಿಗಳ ಕಣ್ಣಿಗೆ ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡದ್ದರ ಸುಮಾರು ಎರಡರಷ್ಟು ಕಂಡವು. ಚಿತ್ರ ಒಂದೇ, ಲೆಕ್ಕ ಎರಡು. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಗೋಡೆ ಕಟ್ಟುವ ಮುನ್ನವೇ ಫ್ರೀ ಕಿಕ್ ಒದ್ದು ಗೋಲು ಹೊಡೆದರು. ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ಬೆಂಗಳೂರಿನ ಅಭಿಮಾನಿಗೆ ಅದು ಜಾಣತನ, ಕೇರಳದ ಅಭಿಮಾನಿಗೆ ಅನ್ಯಾಯ. ಈಗಲೂ ಇಬ್ಬರನ್ನೂ ಕೂರಿಸಿ ಕೇಳಿನೋಡಿ!

ಪತ್ರಿಕೆಗಳ ವಿಷಯದಲ್ಲೂ ಹೀಗೆಯೇ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 1982ರ ಬೈರೂತ್ ಹತ್ಯಾಕಾಂಡದ ಟಿ.ವಿ. ವರದಿಗಳನ್ನು ಇಸ್ರೇಲ್ ಪರ ಮತ್ತು ಅರಬರ ಪರ ಇದ್ದ ವಿದ್ಯಾರ್ಥಿಗಳಿಗೆ ತೋರಿಸಲಾಯಿತು. ವರದಿಗಳು ಒಂದೇ. ಆದರೆ ಎರಡೂ ಗುಂಪಿನವರು “ಇದು ನಮ್ಮ ವಿರುದ್ಧ ಇದೆ” ಎಂದರು.

ಹಾಗಾದರೆ ಪತ್ರಿಕೆಗಳು ಎಂದೂ ಪಕ್ಷಪಾತ ಮಾಡುವುದಿಲ್ಲವೇ? ಮಾಡುತ್ತವೆ. ಹೆಸರುವಾಸಿ ತಂಡದ ಸುದ್ದಿಗೆ ಜಾಗ ಹೆಚ್ಚು. ಒಬ್ಬನನ್ನು ಬಲಿಪಶು ಮಾಡುವುದೂ ಉಂಟು. ಮೇಲೆ ಹೇಳಿದ 1998ರ ಪಂದ್ಯದಲ್ಲಿ ಕೆಂಪು ಕಾರ್ಡು ಪಡೆದು ಹೊರಹೋದ ಡೇವಿಡ್ ಬೆಕಮ್ ಅವರನ್ನು ಇಂಗ್ಲೆಂಡಿನ ಕೆಲ ಪತ್ರಿಕೆಗಳು ಹೇಗೆ ಹಳಿದವೆಂದರೆ, ಒಂದು ಪತ್ರಿಕೆ ಅವರ ಮುಖವನ್ನು ಬಾಣ ಎಸೆಯುವ ಹಲಗೆಯಾಗಿ ಅಚ್ಚುಹಾಕಿತು. ಲಂಡನ್ನಿನ ಒಂದು ಪಾನಗೃಹದ ಹೊರಗೆ ಅವರ ಪ್ರತಿಕೃತಿಯನ್ನು ನೇಣುಹಾಕಿದರು. ಆಟಗಾರ ಹೆಂಡತಿಯನ್ನು ಹೊಡೆದರೆ, ಬಣ್ಣ ನೋಡಿ ಬೈದರೆ, ಕುಡಿದು ಕಾರು ಓಡಿಸಿದರೆ ಅದನ್ನು ಪ್ರಶ್ನಿಸಲೇಬೇಕು; ಅವನ ಅಂಗಿಯ ಬಣ್ಣ ಯಾವುದೇ ಇರಲಿ. ಆದ್ದರಿಂದ ನಿಮ್ಮ ದೂರು ಸರಿಯೇ ಇರಬಹುದು. ಆದರೆ ಸರಿಯಾದ ಕೋಪಕ್ಕೂ ತಪ್ಪು ಕೋಪಕ್ಕೂ ಹೃದಯ ತೆರುವ ಬೆಲೆ ಒಂದೇ.

ನಗುವವರಿಗೆ ಕಾಣದ ಕಾಯಿಲೆ

ಎದುರಾಳಿಯ ನಡತೆಯನ್ನು ಕಂಡು ಕೆರಳುವ ಮುನ್ನ ಟೋನಿ ಆಡಮ್ಸ್ ಅವರ ಕತೆಯನ್ನು ತಿಳಿಯುವುದು ಒಳ್ಳೆಯದು. ಲಂಡನ್ನಿನ ಆರ್ಸೆನಲ್ ತಂಡದ ನಾಯಕರಾಗಿದ್ದ ಅವರ ಚಿತ್ರಕ್ಕೆ 1989ರಲ್ಲಿ ಒಂದು ಪತ್ರಿಕೆ ಕತ್ತೆಯ ಕಿವಿ ಅಂಟಿಸಿತು. ಎದುರಾಳಿ ಅಭಿಮಾನಿಗಳು ಎಷ್ಟೋ ವರ್ಷ ಅವರನ್ನು ಕಂಡೊಡನೆ ಕತ್ತೆಯಂತೆ ಕೂಗುತ್ತಿದ್ದರು. 1990ರ ಮೇ ತಿಂಗಳಲ್ಲಿ ಕುಡಿದು ಕಾರು ಓಡಿಸಿ ಗೋಡೆಗೆ ಗುದ್ದಿದರು. ರಕ್ತದಲ್ಲಿ ಮದ್ಯದ ಪ್ರಮಾಣ ಕಾನೂನಿನ ಮಿತಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು. ಅದೇ ಡಿಸೆಂಬರಿನಲ್ಲಿ ನಾಲ್ಕು ತಿಂಗಳ ಸೆರೆವಾಸದ ಶಿಕ್ಷೆಯಾಗಿ, ಅದರಲ್ಲಿ ಸುಮಾರು ಅರ್ಧವನ್ನು ಜೈಲಿನಲ್ಲಿ ಕಳೆದರು.

ಶಿಕ್ಷೆ ನ್ಯಾಯವಾದದ್ದೇ. ದಾರಿಯಲ್ಲಿ ಯಾರದೋ ಮಗು ಇದ್ದಿದ್ದರೆ? ಆದರೆ ಕೂಗಿದವರಿಗಾಗಲಿ, ಸಮರ್ಥಿಸಿದ ಸ್ವಂತ ಅಭಿಮಾನಿಗಳಿಗಾಗಲಿ ಕಾಣದ್ದು ಒಂದಿತ್ತು. ಅದು ಮದ್ಯವ್ಯಸನವೆಂಬ ಕಾಯಿಲೆ. ಜೈಲಿನಿಂದ ಬಂದ ಮೇಲೂ ಅದು ಬಿಡಲಿಲ್ಲ. 1996ರಲ್ಲಿ ಅವರು ತಾನು ಮದ್ಯವ್ಯಸನಿ ಎಂದು ಬಹಿರಂಗವಾಗಿ ಒಪ್ಪಿಕೊಂಡು ಕುಡಿತ ಬಿಟ್ಟರು. ಆಮೇಲೆ 1998ರಲ್ಲಿ ಮತ್ತು 2002ರಲ್ಲಿ ಅವರ ತಂಡ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ಗೆದ್ದಿತು. 2000ದಲ್ಲಿ ವ್ಯಸನಕ್ಕೆ ಸಿಕ್ಕ ಆಟಗಾರರಿಗಾಗಿ ಸ್ಪೋರ್ಟಿಂಗ್ ಚಾನ್ಸ್ ಎಂಬ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ಅಲ್ಲಿ ಎಲ್ಲ ತಂಡಗಳ ಆಟಗಾರರಿಗೂ ಬಾಗಿಲು ತೆರೆದಿದೆ.

ಈ ಕತೆ ನಮ್ಮ ಮನೆಗಳಿಗೂ ಸಂಬಂಧಿಸಿದ್ದು. ಪಕ್ಕದ ಮನೆಯ ಹುಡುಗ ಕುಡಿದರೆ ಕುಡುಕ. ನಮ್ಮ ಹುಡುಗ ಕುಡಿದರೆ ಸಹವಾಸದೋಷ. ಅವನಿಗೆ ಬೈಗುಳ ಸಿಗುತ್ತದೆ, ಇವನಿಗೆ ಮುಚ್ಚುಮರೆ ಸಿಗುತ್ತದೆ. ಚಿಕಿತ್ಸೆ ಇಬ್ಬರಿಗೂ ಸಿಗುವುದಿಲ್ಲ. ಮದ್ಯವ್ಯಸನಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಮನಸ್ಸಿಗೆ ಸಂಬಂಧಿಸಿದ ಯಾವುದೇ ತೊಂದರೆಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ಏನು ಮಾಡಬೇಕು?

1. ಪಂದ್ಯವಿರುವ ರಾತ್ರಿ ಗುಳಿಗೆ ಮರೆಯಬೇಡಿ. ರಕ್ತದೊತ್ತಡದ ಗುಳಿಗೆಯನ್ನು ಗಡಿಬಿಡಿಯಲ್ಲಿ ಬಿಡುವುದಾಗಲಿ, ಸಿಟ್ಟು ಬಂತೆಂದು ತಾವೇ ಒಂದು ಹೆಚ್ಚು ನುಂಗುವುದಾಗಲಿ ಕೂಡದು.

2. ಸಿಟ್ಟನ್ನು ಹೊರಹಾಕಿದರೆ ಹಗುರವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. 2002ರ ಒಂದು ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನು ನೆನೆಯುತ್ತ ಮುಷ್ಟಿಯಿಂದ ಮರಳುಚೀಲದಂಥ ಚೀಲವನ್ನು ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರ ಸಿಟ್ಟಿಗಿಂತ ಹೆಚ್ಚಾಯಿತು. ಬೈದು ಬರೆಯುವುದೂ ಚೀಲ ಗುದ್ದಿದಂತೆಯೇ.

3. ಪಂದ್ಯ ಮುಗಿದ ಮೇಲೆ, ಕೆರಳಿಸುವ ಸುದ್ದಿ ಓದಿದ ಮೇಲೆ, ಎರಡು ಗಂಟೆ ಯಾರೊಂದಿಗೂ ಆ ವಿಷಯದಲ್ಲಿ ವಾದಕ್ಕಿಳಿಯಬೇಡಿ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಬೆನ್ನು ನೆಟ್ಟಗೆ ಇಟ್ಟು ಕೂತು, ನಿಮಿಷಕ್ಕೆ ಆರರಂತೆ ನಿಧಾನವಾಗಿ ಐದು ನಿಮಿಷ ಉಸಿರಾಡಿ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ದೀರ್ಘವಾಗಿರಲಿ.

4. ಪಂದ್ಯದ ಜೊತೆ ಚಿಪ್ಸು, ಕಾಂಗ್ರೆಸ್ ಕಡಲೆಕಾಯಿ, ಖಾರಾ ಮಿಕ್ಸ್‌ಚರ್ ಬೇಡ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುರಿಗಡಲೆ, ಉಪ್ಪಿಲ್ಲದ ಹುರಿದ ಕಡಲೆಕಾಯಿ, ಸೌತೆಕಾಯಿ ಆಗಬಹುದು. ಬೀಡಿ, ಸಿಗರೇಟು, ಮದ್ಯ ಬೇಡವೇ ಬೇಡ.

5. ಯೂರೋಪಿನ ಹಲವು ಪಂದ್ಯಗಳು ನಮ್ಮಲ್ಲಿ ನಡುರಾತ್ರಿ ಕಳೆದ ಮೇಲೆ ಶುರುವಾಗುತ್ತವೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ತೀರಾ ಬೇಕಾದ ಒಂದು ಪಂದ್ಯ ಆರಿಸಿಕೊಳ್ಳಿ. ಉಳಿದದ್ದನ್ನು ಬೆಳಿಗ್ಗೆ ನೋಡಿ. ಗೋಲು ಎಲ್ಲಿಯೂ ಓಡಿಹೋಗುವುದಿಲ್ಲ.

6. ಅಂಗಿ ಬದಲಿಸಿ ನೋಡಿ. ಸುದ್ದಿ ಓದಿದಾಗ, “ಇದೇ ಕೆಲಸವನ್ನು ನಮ್ಮ ತಂಡದವನು ಮಾಡಿದ್ದರೆ ನಾನೇನು ಹೇಳುತ್ತಿದ್ದೆ?” ಎಂದು ಕೇಳಿಕೊಳ್ಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ನಿಮ್ಮ ಮಾತಿಗೆ ತೂಕವಿದೆ. ಬೇರೆ ಬೇರೆ ಬಂದರೆ ನೀವು ತೀರ್ಪು ಕೊಡುತ್ತಿಲ್ಲ, ಆಟವನ್ನೇ ಮುಂದುವರಿಸುತ್ತಿದ್ದೀರಿ.

7. ಮಕ್ಕಳ ಮುಂದೆ ಎಚ್ಚರವಿರಲಿ. ಇಂಗ್ಲೆಂಡಿನಲ್ಲಿ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಎದುರು ಒಬ್ಬ ಓಡುತ್ತ ಬಂದು ಬಿದ್ದು ನೋವಿನಿಂದ ನರಳುವಂತೆ ನಟಿಸಿದ. ತಮ್ಮ ತಂಡದ ಬಗ್ಗೆ ಯೋಚಿಸುವಂತೆ ಮಾಡಿದ್ದಾಗ, ಅವರಲ್ಲಿ ಹೆಚ್ಚಿನವರು ಯುನೈಟೆಡ್ ಅಂಗಿಯವನಿಗೆ ನೆರವಾದರು, ಲಿವರ್‌ಪೂಲ್ ಅಂಗಿಯವನನ್ನು ಬಿಟ್ಟು ನಡೆದರು. ಇನ್ನೊಂದು ಗುಂಪಿಗೆ “ನೀವು ಫುಟ್‌ಬಾಲ್ ಪ್ರೇಮಿಗಳು” ಎಂದು ಮೊದಲೇ ನೆನಪಿಸಲಾಗಿತ್ತು. ಅವರು ಲಿವರ್‌ಪೂಲ್‌ನವನಿಗೂ ಕೈಕೊಟ್ಟರು. ಮನೆಯಲ್ಲಿ ನಾವಾಡುವ ಮಾತು ಇಂಥ ನೆನಪಿಸುವಿಕೆಯೇ.

ವೈದ್ಯರನ್ನು ಯಾವಾಗ ಕಾಣಬೇಕು?

ಪಂದ್ಯ ನೋಡುವಾಗಾಗಲಿ ನಂತರವಾಗಲಿ ಎದೆಯ ನಡುವೆ ಹಿಂಡಿದಂತೆ ನೋವು, ಎಡತೋಳಿಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಕಂಡರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ, ಏದುಸಿರು ಇರಬಹುದು. ಮುಖ ಒಂದು ಕಡೆಗೆ ವಾಲುವುದು, ಒಂದು ಕೈಯ ಬಲ ಹೋಗುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಎರಡರಲ್ಲೂ ನಿಮಿಷಗಳು ಅಮೂಲ್ಯ. ಕೂಡಲೇ 108ಕ್ಕೆ ಕರೆ ಮಾಡಿ. ಪಂದ್ಯ ಮುಗಿಯಲಿ ಎಂದು ಕಾಯಬೇಡಿ.

ಸಿಟ್ಟು ವಾರಗಟ್ಟಲೆ ಇಳಿಯದಿದ್ದರೆ, ಅದರಿಂದ ನಿದ್ದೆ, ಕೆಲಸ, ಮನೆಮಂದಿಯ ಜೊತೆಗಿನ ಸಂಬಂಧ ಕೆಡುತ್ತಿದ್ದರೆ ಆಗಲೂ ವೈದ್ಯರನ್ನು ಕಾಣಬೇಕು. ಕೆಲವೊಮ್ಮೆ ಆಟದ ಸಿಟ್ಟಿನ ಹಿಂದೆ ಖಿನ್ನತೆಯೋ ಕೆಲಸದ ಚಿಂತೆಯೋ ಅಡಗಿರುತ್ತದೆ.

ಮೊದಲು ಹೇಳಿದ ಗೃಹಸ್ಥರು ಆರು ವಾರದ ನಂತರ ಬಂದರು. ರಕ್ತದೊತ್ತಡ 136/84. ನಾನು ಗುಳಿಗೆ ಬದಲಿಸಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗುತ್ತಿದ್ದರು, ವಾರಕ್ಕೊಂದೇ ಪಂದ್ಯ ನೋಡುತ್ತಿದ್ದರು. “ಆ ಆಟಗಾರನ ಮೇಲೆ ಸಿಟ್ಟು ಹೋಯಿತೇ?” ಎಂದು ಕೇಳಿದೆ. “ಪೂರ್ತಿ ಹೋಗಿಲ್ಲ ಡಾಕ್ಟ್ರೇ” ಎಂದು ನಕ್ಕರು. “ಆದರೆ ಅವನಿಗೆ ನಾನು ಯಾರೆಂದೇ ಗೊತ್ತಿಲ್ಲ. ನನ್ನ ಮಗನಿಗೆ ಗೊತ್ತಿದೆ. ಅವನ ಜೊತೆ ಮಾತಾಡೋದು ಬಿಟ್ಟದ್ದೇ ದೊಡ್ಡ ತಪ್ಪು.”

ಆ ಮಾತಿಗೆ ನಾನು ಸೇರಿಸುವುದೇನೂ ಇರಲಿಲ್ಲ. ಮುಂದಿನ ತಪಾಸಣೆಗೆ ತಾರೀಖು ಬರೆದುಕೊಟ್ಟೆ. ಅಂದು ಯಾವ ಪಂದ್ಯವೂ ಇಲ್ಲವೆಂದು ಅವರ ಪತ್ನಿ ಮೊದಲೇ ನೋಡಿಕೊಂಡಿದ್ದರು.